ಡ್ರಮ್ಮು ತೊಳೆಯುವವರ ರೋಗ

ಉಮಾಳಿಗೆ ಸುದ್ದಿ ಮುಟ್ಟಿದ್ದು ನಳದ ಹತ್ತಿರ. ಅವಳ ಕೊಡ ಅರ್ಧ ತುಂಬಿತ್ತು. ಹಿಂದೆ ಪಾಳಿಯಲ್ಲಿ ನಿಂತಿದ್ದ ಸಮ್ರೀನ್ ಮುಂದೆ ಬಂದು ಆ ಕೊಡವನ್ನು ಪಕ್ಕಕ್ಕೆ ಸರಿಸಿದಳು. ಕೈಯಿಂದ ಅಲ್ಲ, ಕಾಲಿನಿಂದ.

“ಮೊದ್ಲ ನಾವು ತುಂಬ್ಕೋತೀವಿ. ಎಲ್ರದೂ ಆದಮ್ಯಾಲ ನೀ ಹಿಡಿ.”

“ಯಾಕ? ಪಾಳಿ ನಂದದ.”

“ನಿನ್ನ ಗಂಡಗ ಸೂಳಿರೋಗ ಬಂದದ. ಗುತ್ತೇದಾರ ಗೇಟಿನಾಗ ನಿಂತು ಒದರ್ಯಾನ. ನಿನಗೊಬ್ಬಾಕಿಗೇ ಗೊತ್ತಿಲ್ಲೇನು?”

ಸಮ್ರೀನಳ ಗಂಡ ಮೆಹಬೂಬನೂ ಉಮಾಳ ಗಂಡ ದೇವಿಂದ್ರನೂ ಒಂದೇ ಕಾರ್ಖಾನೆಯಲ್ಲಿ ಒಂದೇ ಕೆಲಸ ಮಾಡುವವರು. ಹಿಂದಿನ ದಿನದವರೆಗೆ ಈ ಇಬ್ಬರು ಹೆಂಗಸರು ಒಬ್ಬರ ತಲೆ ಒಬ್ಬರು ಬಾಚಿದವರು. ಉಮಾ ಅರ್ಧ ತುಂಬಿದ ಕೊಡವನ್ನೇ ಹೊತ್ತುಕೊಂಡು ಮನೆಗೆ ಬಂದಳು. ಬೆನ್ನ ಹಿಂದೆ ಯಾರೋ ನಳದ ಬಾಯಿಗೆ ಬೂದಿ ಹಚ್ಚಿ ತಿಕ್ಕುವ ಸದ್ದು ಕೇಳಿಸಿತು.

ಉಮಾ ಮತ್ತು ದೇವಿಂದ್ರನ ಊರು ಸುರಪುರ ತಾಲೂಕಿನ ಹೊಳೆದಂಡೆಯದು. ಕೃಷ್ಣೆಯಲ್ಲಿ ಬಲೆ ಬೀಸಿ ಬದುಕಿದ ಮನೆತನ. ಮೀನಿನ ಹಕ್ಕು ಹರಾಜಿನಲ್ಲಿ ಹೊರಗಿನವರ ಪಾಲಾದ ಮೇಲೆ ಬಲೆ ಗೂಟಕ್ಕೆ ನೇತಾಡಿತು. ದೇವಿಂದ್ರ ಒಂದು ಬೇಸಿಗೆ ಪುಣೆಗೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡಿದ. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಸೈದಾಪುರಕ್ಕೆ ಬಂದ. ರೈಲು ಹಳಿಯ ಹಿಂದೆ ತಗಡಿನ ಸಾಲು ಮನೆಗಳು. ಅದರಲ್ಲೊಂದು ಇವರದು. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಔಷಧಿಗೆ ಬೇಕಾದ ಪುಡಿ ತಯಾರಿಸುವ ಕಾರ್ಖಾನೆ. ಕೆಲಸ ಕೊಟ್ಟವನು ಗುತ್ತೇದಾರ ಸಂಗಮನಾಥ. ಕೊಟ್ಟ ಕೆಲಸ ಡ್ರಮ್ಮು ತೊಳೆಯುವುದು.

ತೊಳೆಯುವುದೆಂದರೆ ಕೊಡ ತೊಳೆದ ಹಾಗಲ್ಲ. ಆಳೆತ್ತರದ ಡ್ರಮ್ಮು. ತಳದಲ್ಲಿ ಹಳದಿ ಗಸಿ ಅಂಟಿಕೊಂಡಿರುತ್ತದೆ. ಡ್ರಮ್ಮನ್ನು ಅಡ್ಡ ಕೆಡವಿ, ಭುಜದವರೆಗೆ ಕೈ ತೂರಿಸಿ, ತಲೆಯನ್ನೂ ಒಳಗೆ ಹಾಕಿ ಚಿಂದಿಯಿಂದ ತಿಕ್ಕಬೇಕು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮೂಗಿಗೆ ಅಡರುತ್ತದೆ. ಕಣ್ಣು ಸುರಿಯುತ್ತದೆ. ಗಸಿಯ ನೀರು ತೋಳಿನಗುಂಟ ಇಳಿದು ಕಂಕುಳಿಗೆ, ಎದೆಗೆ, ಅಲ್ಲಿಂದ ಕಾಲಿಗೆ ಹರಿಯುತ್ತದೆ. ತಪಾಸಣೆಯವರು ಬಂದ ದಿನ ಕೈಗವಸು ಕೊಡುತ್ತಿದ್ದರು. ಅವರ ಜೀಪು ಗೇಟು ದಾಟಿದ ಕೂಡಲೇ ಎಣಿಸಿ ವಾಪಸು ಪಡೆಯುತ್ತಿದ್ದರು.

ಮೊದಲು ದೇವಿಂದ್ರನ ಅಂಗೈಯಲ್ಲಿ ತಾಮ್ರದ ಬಣ್ಣದ ಕಲೆ ಎದ್ದವು. ಆಮೇಲೆ ಅಂಗಾಲಲ್ಲಿ. ತೊಗಲು ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಬಿಟ್ಟಿತು. ಹೆಬ್ಬೆರಳಿನ ಗೆರೆ ಅಳಿಸಿಹೋಗಿ ಹಾಜರಿ ಯಂತ್ರ ಅವನನ್ನು ಗುರುತು ಹಿಡಿಯದಾಯಿತು. ಸಂಗಮನಾಥ ಸಿಟ್ಟಾಗಿ ಅವನನ್ನು ಕಂಪನಿ ಡಾಕ್ಟರ ಮುಂದೆ ನಿಲ್ಲಿಸಿದ. ಡಾಕ್ಟರು ಗುರುವಾರಕ್ಕೊಮ್ಮೆ ಬಿಳಿ ಕಾರಿನಲ್ಲಿ ಬಂದು ಗೇಟಿನ ಪಕ್ಕದ ಕೋಣೆಯಲ್ಲಿ ಕೂರುವವರು. ಅವರು ಅಂಗೈ ನೋಡಿದರು, ಅಂಗಾಲು ನೋಡಿದರು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಸಣ್ಣ ಕಾರ್ಡಿನ ಮೇಲೆ ಬಿಟ್ಟರು. ಎರಡು ಗೆರೆ ಮೂಡಿದವು. ಎರಡು ಬಂದರೆ ರೋಗ ಇದೆ ಎಂದರ್ಥ. ಸಂಗಮನಾಥನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು.

ಅದನ್ನು ಕನ್ನಡಕ್ಕೆ ತಂದವನು ಸಂಗಮನಾಥ. ಪಾಳಿ ಬದಲಾಗುವ ಹೊತ್ತು. ಒಳಗೆ ಹೋಗುವವರೂ ಹೊರಗೆ ಬರುವವರೂ ಗೇಟಿನಲ್ಲಿ ಕೂಡಿದ್ದರು.

“ಎಲ್ಲಿ ಮೇಯ್ದು ಬಂದೀಯಲೇ ಮಗನ? ಮೈತುಂಬ ಸೂಳಿರೋಗ ಹೊತ್ಕೊಂಡು ಬಂದು ಕಂಪನಿ ಕೆಲಸದಿಂದ ಆತು ಅಂತೀ? ಇವತ್ತಿಂದ ಕ್ಯಾಂಟೀನಿನಾಗ ಕಾಲಿಟ್ಟಿ ಅಂದ್ರ ನೋಡು.”

ದೇವಿಂದ್ರ ಕೇಳಿದ, “ಮತ್ತ ಕೆಲಸಾರೀ?”

“ಕೆಲಸಕ್ಕ ಬಾ. ಡ್ರಮ್ಮಿಗೇನು ರೋಗ ಹತ್ತೂದಿಲ್ಲ.”

ಇದಿಷ್ಟನ್ನೂ ದೇವಿಂದ್ರ ಆ ಸಂಜೆ ಗೋಡೆ ನೋಡುತ್ತ ಹೇಳಿದ. ಉಮಾ ಒಲೆಯ ಮುಂದೆ ಕುಂತಿದ್ದಳು. ರೊಟ್ಟಿ ಹೊತ್ತಿತು. ಅವಳು ತಿರುವಿ ಹಾಕಲಿಲ್ಲ.

“ಪುಣೆದಾಗ ಏನ್ ಮಾಡಿದ್ದಿ?”

“ಸೆಂಟ್ರಿಂಗ್ ಮಾಡಿದ್ದೆ.”

“ಅದನ್ನ ಕೇಳಲಿಲ್ಲ ನಾ.”

“ತಿಂಥಣಿ ಮೋನಪ್ಪಯ್ಯನ ಆಣಿ ಉಮಾ, ನಾ ಎಲ್ಲೂ ಹೋಗಿಲ್ಲ.”

“ದೇವರ ಆಣಿ ಎಲ್ಲಾ ಗಂಡಸರೂ ಮಾಡ್ತಾರ.”

ಅವನ ತಾಟು ಬೇರೆಯಾಯಿತು. ನೀರಿನ ಚೆರಿಗೆ ಬೇರೆಯಾಯಿತು. ಹಾಸಿಗೆ ಬಾಗಿಲ ಬಳಿ ಹೋಯಿತು. ಕಾರ್ಖಾನೆಯಲ್ಲಿ ಕ್ಯಾಂಟೀನಿನ ಗೋಡೆಯ ಹೊರಗೆ ಕುಕ್ಕರುಗಾಲಲ್ಲಿ ಉಣ್ಣುವವನು ಮನೆಯಲ್ಲಿ ಹೊಸ್ತಿಲ ಬಳಿ ಕುಂತು ಉಂಡ. ಎರಡೂ ಕಡೆ ಅವನು ತಲೆ ಎತ್ತಲಿಲ್ಲ.

ಊರಿನಿಂದ ಅವನ ತಾಯಿ ಸುಗಲಮ್ಮ ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಕೈಚೀಲ ಇಳಿಸುವ ಮೊದಲೇ ಬಾಯಿ ಬಿಟ್ಟಳು.

“ನನ್ನ ಮಗ ಹಂತಾವಲ್ಲ. ಅವ ಡ್ಯೂಟಿಗಿ ಹೋದಾಗ ಮನ್ಯಾಗ ಯಾರಿರ್ತಾರ? ಹತ್ತಿ ಬಿಡಿಸಾಕ ಹೋಗ್ತೀನಿ ಅಂತ ನೀ ಎಲ್ಲೆಲ್ಲಿ ತಿರಗ್ತೀಯೋ, ಯಾರ ಜೋಡಿ ತಿರಗ್ತೀಯೋ. ನೀನೇ ತಂದು ಹಚ್ಚೀದಿ.”

ಉಮಾ ಕೂಗಾಡಲಿಲ್ಲ. ಮೂಲೆಯಲ್ಲಿದ್ದ ಗಂಡನ ನೀಲಿ ಬಟ್ಟೆಗಳನ್ನು ಕಟ್ಟಿಗೆಯಿಂದ ಎತ್ತಿ ಅತ್ತೆಯ ಕಾಲಬಳಿ ಹಾಕಿದಳು. ದಿನಾ ಹಳದಿ ಗಸಿಯಲ್ಲಿ ತೊಯ್ದು ಬರುವ ಕಾರ್ಖಾನೆಯ ಬಟ್ಟೆ.

“ನಿನ್ನ ಮಗನ ಬಟ್ಟಿ ಇವತ್ತಿಂದ ನೀನೇ ಒಗಿ, ಅತ್ತಿ. ನಾ ಮುಟ್ಟೂದಿಲ್ಲ.”

ಸುಗಲಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಒಗೆಯಲು ಕುಂತಳು. ಹೊಳೆಯ ಹಾಸುಗಲ್ಲಿಗೆ ಬಡಿದು ಒಗೆದು ರೂಢಿಯಿದ್ದ ಮುದುಕಿ. ಎರಡೂ ಕೈಯಲ್ಲಿ ಹಿಂಡಿ, ಹಿಂಡಿದ ಬಟ್ಟೆಯನ್ನು ಮತ್ತೆ ತಿಕ್ಕುವಳು.

ಉಮಾ ಹತ್ತಿ ಹೊಲಕ್ಕೆ ಹೋದಳು. ಅಲ್ಲಿಯೂ ಸುದ್ದಿ ಅವಳಿಗಿಂತ ಮುಂಚೆ ಬಂದು ಕುಂತಿತ್ತು. ಹೆಂಗಸರು ಅವಳಿಗೆ ತುದಿಯ ಸಾಲು ಬಿಟ್ಟರು. ನೀರಿನ ಕೊಡದ ಹತ್ತಿರ ಹೋದರೆ ಒಬ್ಬಳು ದೂರದಿಂದಲೇ ಬೊಗಸೆಗೆ ಹೊಯ್ದಳು. ನೀರು ಅರ್ಧ ಬಾಯಿಗೆ, ಅರ್ಧ ಮಣ್ಣಿಗೆ ಬಿತ್ತು. ಉಮಾ ಅವತ್ತು ದಿನವೆಲ್ಲ ಬಾಗಿ ಹತ್ತಿ ಬಿಡಿಸಿದಳು. ಸೊಂಟ ಸೆಟೆದುಹೋಯಿತು. ಕಾಯಿಯ ಮುಳ್ಳು ಉಗುರಿನ ಸಂದಿಗೆ ಚುಚ್ಚಿ ರಕ್ತ ಬಂದಾಗ ಆ ರಕ್ತವನ್ನು ನೋಡುತ್ತ ನಿಂತಳು. ಇದರೊಳಗೂ ಆ ರೋಗ ಇದೆಯೋ ಇಲ್ಲವೋ? ಸಂಜೆ ಗಂಡನಿಗೆ ಹೇಳಿದಳು:

“ನಾಳಿ ಯಾದಗಿರಿ ಸರ್ಕಾರಿ ದವಾಖಾನಿಗಿ ಹೋಗೂದು. ಇಬ್ರೂ.”

ಅಲ್ಲಿ ಸುನಿತಾ ಎಂಬ ಆಪ್ತಸಮಾಲೋಚಕಿ ಇದ್ದಳು. ರೋಗಿಗಳನ್ನು ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಮಾತಾಡಿಸುವ ಕೆಲಸ ಅವಳದು. ಬಾಗಿಲು ಮುಂದೆ ಮಾಡಿ ಕೇಳಿದಳು. ಗಂಡನಲ್ಲದೆ ಬೇರೆಯವರ ಸಂಗ ಉಂಟೇ? ಯಾವಾಗಲಾದರೂ? ಉಮಾಳ ಕಿವಿ ಸುಟ್ಟಿತು. ಕೇಳಿದವಳ ದನಿಯಲ್ಲಿ ಕೊಂಕಿರಲಿಲ್ಲ. ಆದರೂ ಪ್ರಶ್ನೆ ಪ್ರಶ್ನೆಯೇ. ಬಡವರ ಮೈಗೆ ಕಜ್ಜಿ ಬಂದರೂ ಮಾನದ ಲೆಕ್ಕ ಕೊಡಬೇಕು.

ಇಬ್ಬರ ರಕ್ತವನ್ನೂ ತೆಗೆದರು. ಹೊರಗೆ ಕಾಯಲು ಕೂಡಿಸಿದರು. ಒಂದು ಪರೀಕ್ಷೆ ಸಾಲದೆಂದು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು.

“ಇಬ್ರಿಗೂ ಏನಿಲ್ಲ,” ಎಂದಳು ಸುನಿತಾ.

“ಕಂಪನಿ ಡಾಕ್ಟ್ರು ಅದ ಅಂದಾರಲ್ರಿ.”

“ಆ ಕಾರ್ಡಿನಾಗ ಒಮ್ಮೊಮ್ಮೆ ತಪ್ಪು ಬರ್ತದ. ಅದೊಂದನ್ನ ನಂಬಿ ಹಿಂಗ ಡಂಗುರ ಹೊಡೀಬಾರದಿತ್ತು. ಆ ರೋಗ ಈ ಪರಿ ಕೈಕಾಲಿಗೆ ಎದ್ದಿದ್ರ ನಮ್ಮ ಪರೀಕ್ಷೆದಾಗ ಕಾಣಲೇಬೇಕಿತ್ತು. ನಿಮ್ಮ ಗಂಡನ ಚರ್ಮಕ್ಕ ಬ್ಯಾರೆ ಏನೋ ತಾಗ್ಯದ.”

ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, ಕೈಗವಸು ಹಾಕಿಕೊಂಡು ಕೆಲಸ ಮಾಡು ಎಂದರು. ದೇವಿಂದ್ರ ನಕ್ಕುಬಿಟ್ಟ. ರೋಗ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ನೋಡಲು ಚೆನ್ನಾಗಿರಲಿಲ್ಲ.

ಯಾದಗಿರಿಯ ಫಲಿತಾಂಶ ಹಿಡಿದುಕೊಂಡು ಇಬ್ಬರೂ ಸಂಗಮನಾಥನ ಮುಂದೆ ನಿಂತರು. ಅವನು ಹಣೆಗೆ ವಿಭೂತಿ ಹಚ್ಚಿಕೊಂಡು ಆಗಷ್ಟೇ ಹೊರಗೆ ಬಂದಿದ್ದ.

“ಸರ್ಕಾರಿ ದವಾಖಾನಿದು ಯಾರ ನಂಬ್ತಾರ? ನಮ್ಮ ಡಾಕ್ಟ್ರು ಹೈದ್ರಾಬಾದಿನಾಗ ಕಲ್ತು ಬಂದಾರ. ಅದ ಅಂದ್ರ ಅದ. ಒಪ್ಕೊಂಡು ಸೂಜಿ ಚುಚ್ಚಿಸ್ಕೋ. ಕಂಪನಿ ಧರ್ಮಕ್ಕ ಕೊಡಾಕತ್ತದ.”

“ಇಲ್ಲದ ರೋಗಕ್ಕ ಸೂಜಿ ಯಾಕ್ರಿ?” ಎಂದಳು ಉಮಾ.

“ಇಲ್ಲಂದ್ರ ಕೈ ಯಾಕ ಹಿಂಗ ಆಗ್ಯಾವ? ಹೇಳು. ಕಂಪನಿಯಿಂದ ಅಂತೀಯೇನು? ಬಾಯಿಬಿಟ್ಟು ಅನ್ನು ನೋಡೋಣ.”

ಅವತ್ತು ಉಮಾಳಿಗೇ ಗೊತ್ತಿರಲಿಲ್ಲ. ಒಬ್ಬ ಡಾಕ್ಟರು ಹೌದು ಅಂದಿದ್ದರು, ಇನ್ನೊಬ್ಬರು ಅಲ್ಲ ಅಂದಿದ್ದರು. ಇಬ್ಬರೂ ಓದಿದವರೇ. ಗಂಡನ ಬಗ್ಗಿದ ಕತ್ತು ಕಂಡಾಗ ಯಾದಗಿರಿಯವರ ಮಾತು ಖರೆ ಅನಿಸುತ್ತಿತ್ತು. ಸುಲಿದ ಅಂಗೈ ಕಂಡಾಗ ಕಂಪನಿಯವರ ಮಾತು ಖರೆ ಅನಿಸುತ್ತಿತ್ತು. ತಾಟು ಬೇರೆಯೇ ಉಳಿಯಿತು.

ಅಷ್ಟರಲ್ಲಿ ಮೆಹಬೂಬನ ಕೈಯೂ ಎದ್ದಿತು. ಅವನಿಗೂ ಅದೇ ಕಾರ್ಡು, ಅವೇ ಎರಡು ಗೆರೆ. ಅವನು ಮೆತ್ತಗಿನ ಮನುಷ್ಯ. ಹೌದ್ರೀ ಸಾಹೇಬ್ರ ಅಂದು ಸೂಜಿ ಚುಚ್ಚಿಸಿಕೊಂಡ. ಕೈ ವಾಸಿಯಾಗಲಿಲ್ಲ. ಮಾನ ಮಾತ್ರ ಹೋಯಿತು. ಮಸೀದಿಯಲ್ಲಿ ಪಕ್ಕಕ್ಕೆ ನಿಂತವರು ಸರಿದು ನಿಂತರಂತೆ. ಒಂದು ಮುಂಜಾನೆ ಹೆಂಡತಿಗೂ ಹೇಳದೆ ರೈಲು ಹತ್ತಿ ಹೋದ. ನಳದಲ್ಲಿ ಈಗ ಸಮ್ರೀನಳ ಕೊಡವನ್ನೂ ಕಾಲಿನಿಂದ ಸರಿಸಿದರು. ಅವಳೂ ಉಮಾಳೂ ಕೊನೆಯ ಪಾಳಿಯಲ್ಲಿ ಒಟ್ಟಿಗೆ ನಿಂತರು. ಉಮಾ ಸಮ್ರೀನಳ ಕೊಡವನ್ನು ತನ್ನ ಕೊಡಕ್ಕಿಂತ ಮೊದಲು ನಳಕ್ಕೆ ಹಿಡಿದಳು.

ಆ ವಾರದಲ್ಲಿ ಒಂದು ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಸುಗಲಮ್ಮ ಹಿಟ್ಟಿನ ಮುಂದೆ ಸುಮ್ಮನೆ ಕುಂತಿದ್ದಳು. ಕೈ ಸೆರಗಿನೊಳಗಿದ್ದವು.

“ಯಾಕತ್ತಿ?”

“ಏನಿಲ್ಲ. ನೀ ಬಡಿ.”

“ಕೈ ತೋರ್ಸು.”

“ಬ್ಯಾಡ ಬಿಡು.”

ಉಮಾ ಸೆರಗು ಎಳೆದಳು. ಮುದುಕಿಯ ಎರಡೂ ಅಂಗೈ ಕೆಂಪಗೆ ಸುಲಿದಿದ್ದವು. ತಾಮ್ರದ ಬಣ್ಣದ ಕಲೆ. ಬೆರಳ ಸಂದಿಯಲ್ಲಿ ಹಸಿ ಬಿರುಕು. ಸುಗಲಮ್ಮ ಹಣೆ ಚಚ್ಚಿಕೊಂಡಳು.

“ನನಗೂ ಬಂತಲ್ಲ ಯವ್ವಾ. ಈ ವಯಸ್ಸಿನಾಗ ನನಗೂ ಆ ಹೊಲಸು ಬಿಮಾರಿ ಬಂತಲ್ಲ. ಮಂದಿಗಿ ಹೆಂಗ ಮುಖ ತೋರಿಸ್ಲಿ? ಗಂಡ ಸತ್ತ ರಂಡಿಮುಂಡಿ ನಾನು. ಹೊಳಿಗೆ ಬೀಳ್ತೀನಿ.”

ಉಮಾ ಆ ಕೈಗಳನ್ನು ಬಿಡದೆ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ತಾನು ಬಟ್ಟೆ ಒಗೆಯುವಾಗ ತನ್ನ ಬೆರಳೂ ಸುಲಿದಿದ್ದವು. ಸಾಬೂನಿನಿಂದ ಇರಬೇಕು, ಹತ್ತಿಕಾಯಿಯ ಮುಳ್ಳಿನಿಂದ ಇರಬೇಕು ಅಂದುಕೊಂಡಿದ್ದಳು. ಒಗೆಯುವುದು ಬಿಟ್ಟ ಮೇಲೆ ಮಾಯ್ದಿದ್ದವು. ಹತ್ತಿ ಬಿಡಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

“ಬಟ್ಟಿ,” ಎಂದಳು. “ಅತ್ತಿ, ಇದು ಬಟ್ಟಿದು. ಡ್ರಮ್ಮಿಂದು.”

ಸುಗಲಮ್ಮ ಅಳು ನಿಲ್ಲಿಸಿ ಸೊಸೆಯ ಮುಖ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಹಂಗಿದ್ರ ನಿನಗ ನಾ ಅಂದ ಮಾತು?”

“ಅದು ಆಮ್ಯಾಲ. ಗುರುವಾರ ನನ್ನ ಜೋಡಿ ಗೇಟಿಗಿ ಬಾ.”

ಗುರುವಾರ ಬಿಳಿ ಕಾರು ಬಂದು ನಿಲ್ಲುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಗೇಟಿನಲ್ಲಿದ್ದರು. ಸಮ್ರೀನಳೂ ಬಂದಿದ್ದಳು. ಉಮಾಳ ತಲೆಯ ಮೇಲೆ ಗೋಣಿಚೀಲದಲ್ಲಿ ಕಟ್ಟಿದ ಗಂಟು. ಪಾಳಿ ಬದಲಾಗುವ ಹೊತ್ತು. ಡ್ರಮ್ಮಿನವರೆಲ್ಲ ಸಾಲು ನಿಂತಿದ್ದರು. ದೇವಿಂದ್ರ ಹೆಂಡತಿಯನ್ನೂ ತಾಯಿಯನ್ನೂ ಕಂಡು ಹೆದರಿದ. ಮನೆಗೆ ಹೋಗ್ರಿ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಉಮಾ ಅವನ ಕಡೆ ನೋಡಲಿಲ್ಲ.

“ಸಾಹೇಬ್ರ, ನಮ್ಮತ್ತಿ ಕೈ ನೋಡ್ರಿ.”

ಡಾಕ್ಟರು ಕಾರಿನಿಂದ ಇಳಿದು ನಿಂತಲ್ಲಿಂದಲೇ ನೋಡಿದರು. ಮುಟ್ಟಲಿಲ್ಲ. ತೆಂಕಣದ ಮೆತ್ತನೆಯ ಕನ್ನಡದಲ್ಲಿ ಹೇಳಿದರು, “ಮಗನಿಂದ ತಗುಲಿರಬಹುದಮ್ಮ. ಮನೆಯವರೆಲ್ಲ ಇಂಜೆಕ್ಷನ್ ತಗೊಳ್ಳಿ.”

“ಮಗನಿಂದ ತಾಯಿಗ್ರಿ?” ಉಮಾಳ ದನಿ ಏರಿತು. “ಇದು ಹೆಂಗ ಬರೂ ರೋಗ ಅಂತ ನೀವೇ ಹೇಳೀರಲ್ರಿ?”

ಡಾಕ್ಟರು ಸಂಗಮನಾಥನ ಮುಖ ನೋಡಿದರು. ಅಷ್ಟರಲ್ಲಿ ಸುಗಲಮ್ಮ ಮುಂದೆ ಬಂದಳು. ಸೆರಗಿನಿಂದ ಕೈ ಹೊರಗೆ ತೆಗೆದು ಎರಡೂ ಅಂಗೈಯನ್ನು ಮಂದಿಯ ಕಡೆ ತಿರುಗಿಸಿದಳು.

“ಡಾಕ್ಟ್ರ, ನನ್ನ ಗಂಡ ಹೊಳಿ ಪಾಲಾಗಿ ಭಾಳ ವರ್ಷ ಆದ್ವು. ಅವತ್ತಿಂದ ಈ ಮೈ ಒಬ್ಬ ಗಂಡಸೂ ಮುಟ್ಟಿಲ್ಲ. ಇದೇ ಗೇಟಿನಾಗ, ಎಲ್ರ ಮುಂದ, ನನ್ನ ಮಗಗ ಕೇಳಿದ ಮಾತು ನನಗೂ ಕೇಳ್ರಿ. ನಾ ಎಲ್ಲಿ ಮೇಯ್ದು ಬಂದೆ? ಯಾರ ಮಗ್ಗಲಾಗ ಮಕ್ಕೊಂಡಿದ್ದೆ? ಹೆಸರು ಹೇಳ್ರಿ.”

“ಏ ಮುದುಕಿ, ನಾಲಿಗಿ ಹಿಡಿ,” ಎಂದ ಸಂಗಮನಾಥ.

“ಬಿಚ್ಚಿ ಬಿಟ್ಟದ್ದು ನಿನ್ನ ನಾಲಿಗಿ, ಸಾವ್ಕಾರ. ನಂದಲ್ಲ.” ಅವಳು ಡಾಕ್ಟರ ಮುಂದೆ ಬೆರಳು ಚಾಚಿದಳು. “ಚುಚ್ಚಪಾ. ಎಲ್ಲೈತಿ ನಿನ್ನ ಕಾರ್ಡು? ಗೆರಿ ತೋರ್ಸು.”

“ಇವತ್ತು ಕಿಟ್ ತಂದಿಲ್ಲ,” ಎಂದರು ಡಾಕ್ಟರು. ಅವರ ಬಗಲಲ್ಲಿ ಪೆಟ್ಟಿಗೆ ಇತ್ತು. ಅದನ್ನು ಇನ್ನೂ ಒತ್ತಿ ಹಿಡಿದುಕೊಂಡರು.

ಉಮಾ ತಲೆಯ ಮೇಲಿನ ಗಂಟನ್ನು ಇಳಿಸಿ ಬಿಚ್ಚಿದಳು. ನೀಲಿ ಬಟ್ಟೆ. ದೇವಿಂದ್ರನದು, ಮೆಹಬೂಬ ಬಿಟ್ಟು ಹೋದದ್ದು. ಒಗೆದಿರಲಿಲ್ಲ. ಹಳದಿ ಗಸಿ ಒಣಗಿ ಗಡುಸಾಗಿತ್ತು. ಗೋಣಿಚೀಲ ಸಮೇತ ಎತ್ತಿ ಬಿಳಿ ಕಾರಿನ ಮೂತಿಯ ಮೇಲೆ ಸುರಿದಳು.

“ನಿಮ್ಮ ಡ್ರಮ್ಮಿನ ಹೊಲಸು ನಮ್ಮ ಮನ್ಯಾಗ ಒಗಿಯೂದಿಲ್ಲ. ನಿಮ್ಮ ಮನ್ಯಾಗ ಒಗಿಸ್ರಿ. ನಿಮ್ಮ ಹೆಂಡ್ರ ಕೈಲೆ ಒಗಿಸ್ರಿ.”

ಕಾರಿನ ಡ್ರೈವರ್ ಓಡಿ ಬಂದ. ಬಟ್ಟೆ ತೆಗೆಯಲು ಎರಡೂ ಕೈ ಚಾಚಿದ.

ಡಾಕ್ಟರು ಹಿಂದಕ್ಕೆ ನೆಗೆದು ಚೀರಿದರು, “ಏಯ್! ಕೈಯಲ್ಲಿ ಮುಟ್ಟಬೇಡ! ಅದರಲ್ಲಿ ಕೆಮಿಕಲ್ ಇದೆ!”

ಡ್ರೈವರನ ಕೈ ಗಾಳಿಯಲ್ಲೇ ನಿಂತಿತು.

ತಾನು ಏನಂದೆ ಎಂದು ತಿಳಿದ ಡಾಕ್ಟರು ಕಾರಿನ ಬಾಗಿಲ ಕಡೆ ತಿರುಗಿದರು. ಮಾತಾಡಿದವಳು ಸಮ್ರೀನ್. ಮೆಲ್ಲಗೆ ಮಾತಾಡಿದಳು.

“ಡ್ರೈವರಗಾದ್ರ ಕೆಮಿಕಲ್ಲು. ನಮ್ಮ ಗಂಡಂದ್ರಿಗಾದ್ರ ಸೂಳಿರೋಗ. ಹೌದಿಲ್ರೀ?”

ಸಾಲಿನಲ್ಲಿದ್ದ ಡ್ರಮ್ಮಿನವರು ಒಳಗೆ ಹೋಗಲಿಲ್ಲ. ಯಾರೂ ಕೂಗು ಹಾಕಲಿಲ್ಲ. ಒಬ್ಬ ಕುಂತ. ಅವನ ಪಕ್ಕದಲ್ಲಿ ಇನ್ನೊಬ್ಬ ಕುಂತ. ದೇವಿಂದ್ರ ತನ್ನ ತಾಯಿಯ ಹತ್ತಿರ ಬಂದು ಅವಳ ಕೈಯನ್ನು ತನ್ನ ಕೈಯ ಮೇಲೆ ಇಟ್ಟುಕೊಂಡು ನೋಡಿದ. ಎರಡೂ ಒಂದೇ ಬಣ್ಣ.

ಅವತ್ತು ಸಂಜೆಯವರೆಗೆ ಯಾರೂ ಒಂದು ಡ್ರಮ್ಮನ್ನೂ ತೊಳೆಯಲಿಲ್ಲ.

ಇಷ್ಟಕ್ಕೇ ಕತೆ ಮುಗಿದಿದ್ದರೆ ಒಳ್ಳೆಯದಿತ್ತು. ಮರುದಿನ ಪೊಲೀಸ್ ಜೀಪು ಬಂತು. ಕುಂತವರನ್ನು ಗೇಟಿನಿಂದ ಎಬ್ಬಿಸಿದರು. ಡ್ರಮ್ಮಿನವರನ್ನೆಲ್ಲ ಕೆಲಸದಿಂದ ತೆಗೆದರು. ಗುರುವಾರದ ಡಾಕ್ಟರು ಬದಲಾದರು. ಸಂಗಮನಾಥ ಮಾತ್ರ ಬದಲಾಗಲಿಲ್ಲ. ಗೇಟಿನಲ್ಲಿ ಒದರಿದ ಮಾತನ್ನು ಯಾರೂ ವಾಪಸು ಪಡೆಯಲಿಲ್ಲ. ಕಾರ್ಡು ತಪ್ಪು ಎಂದು ಯಾರೂ ಹೇಳಲಿಲ್ಲ. ಮೆಹಬೂಬ ಎಲ್ಲಿದ್ದಾನೆಂದು ಸಮ್ರೀನಳಿಗೆ ತಿಳಿಯಲಿಲ್ಲ. ಅವನಿಗೆ ಆ ರೋಗ ಇರಲೇ ಇಲ್ಲ ಎಂದು ಹೇಳುವುದಕ್ಕಾದರೂ ಒಂದು ವಿಳಾಸ ಬೇಕಿತ್ತು.

ದೇವಿಂದ್ರ ಇಟ್ಟಂಗಿ ಭಟ್ಟಿಗೆ ಹೋಗತೊಡಗಿದ. ಕೈ ನಿಧಾನಕ್ಕೆ ಮಾಯತೊಡಗಿದವು. ಒಂದು ದಿನ ಉಮಾ ಅವನ ತಾಟನ್ನು ತನ್ನ ತಾಟಿನ ಪಕ್ಕ ಇಟ್ಟಳು. ಅವನು ಕೈ ತೊಳೆದು ಬಂದು ನಿಂತೇ ಇದ್ದ.

“ನೀ ನನ್ನ ನಂಬಲಿಲ್ಲ,” ಎಂದ.

“ನಂಬಲಿಲ್ಲ,” ಎಂದಳು ಉಮಾ. “ನಿಮ್ಮವ್ವ ನನ್ನ ನಂಬಲಿಲ್ಲ. ನಳದಾಗ ಸಮ್ರೀನ್ ನಂಬಲಿಲ್ಲ. ಒಬ್ಬರನ್ನೊಬ್ಬರು ನಂಬದಂಗ ಮಾಡಿಟ್ಟು ಅವ್ರು ಕೆಲಸ ತಗೊಂಡ್ರು. ಉಣ್ಣು ಬಾ.”

ಅವನು ಕುಂತು ಉಂಡ. ಉಣ್ಣುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಬೇಕೆಂದು ಎಳೆದದ್ದಲ್ಲ. ಮೈಗೆ ಕಲಿಸಿದ ಹೆದರಿಕೆ ಮೈ ಬಿಟ್ಟು ಇನ್ನೂ ಹೋಗಿರಲಿಲ್ಲ. ಅವನು ನೋಡಿದ. ಮತ್ತೊಂದು ತುತ್ತು ಮುರಿದ.

ಡ್ರಮ್ಮು ತೊಳೆಯಲು ಒಡಿಶಾದಿಂದ ಹೊಸಬರನ್ನು ತಂದರು. ಸಾಲಿನ ಕೊನೆಯ ಖಾಲಿ ಮನೆಗಳಿಗೆ ಅವರು ಬಂದರು. ಅವರಲ್ಲೊಬ್ಬನ ಹೆಂಡತಿ, ಎಳೆಯ ಹುಡುಗಿ, ಹಳಿಯ ಪಕ್ಕದ ಕಾಲುವೆಯಲ್ಲಿ ನೀಲಿ ಬಟ್ಟೆ ಒಗೆಯಲು ಕುಂತಿದ್ದಳು. ಹೊಲದಿಂದ ಬರುತ್ತಿದ್ದ ಉಮಾ ಕಂಡು ಓಡಿದಳು.

“ಬ್ಯಾಡ! ಬರಿಗೈಲೆ ಒಗಿಬ್ಯಾಡ!”

ಹುಡುಗಿಗೆ ತಿಳಿಯಲಿಲ್ಲ. ಆದರೆ ಉಮಾ ಯಾರೆಂದು ತಿಳಿದಿತ್ತು. ಇವರು ಬಂದ ದಿನವೇ ಸಂಗಮನಾಥ ಹೇಳಿಟ್ಟಿದ್ದ, ಆ ಮನೆಯವರಿಗೆ ಹೊಲಸು ರೋಗ ಇದೆ, ಹತ್ತಿರ ಸೇರಿಸಬೇಡಿ ಎಂದು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಬಕೆಟ್ಟನ್ನು ತನ್ನ ಕಡೆ ಎಳೆದುಕೊಂಡಳು.

ಉಮಾ ಕಲ್ಲಿನ ಮೇಲಿದ್ದ ಅಂಗಿಯನ್ನು ಕಟ್ಟಿಗೆಯ ತುದಿಯಿಂದ ಎತ್ತಿ ದೂರ ಎಸೆದಳು. ಹುಡುಗಿ ಎದ್ದು ನಿಂತು ಬೈಯತೊಡಗಿದಳು. ಅವಳ ಭಾಷೆಯ ಒಂದು ಮಾತೂ ಉಮಾಳಿಗೆ ತಿಳಿಯಲಿಲ್ಲ. ಬೈಗುಳ ಅನ್ನುವುದು ತಿಳಿಯಿತು. ಮನೆಗಳ ಬಾಗಿಲಲ್ಲಿ ಮಂದಿ ಕೂಡಿದರು.

ಉಮಾ ಆ ಒಗೆಯುವ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕುಂತಳು.

“ಬೈಯವ್ವ. ನಿನ್ನ ಭಾಷ್ಯಾಗ ಎಷ್ಟು ಬೈತಿ ಬೈ. ಒಗಿಯಾಕ ಬಿಡೂದಿಲ್ಲ ನಾ.”